ಹೊಸ್ತಿಲು ತಗ್ಗು ಮಾಡೋದೂ ದೊಡ್ಡ ಕೆಲಸನ

ಅಕ್ಕಗೋಳ, ವೈನಿಗೋಳ, ಈ ಸಲ ಹಪ್ಪಳ ಉಪ್ಪಿನಕಾಯಿ ಸುದ್ದಿ ಇಲ್ಲ. ಹುಡುಗೂರು ಟಿವಿ ಮುಂದ ಕೂತು ತಾಸುಗಟ್ಲೆ ಆಡ್ತಾವಲ್ಲ, ಆ ಕಥೀ ಆಟಗೋಳ ಸುದ್ದಿ. ಪೊಕೆಮಾನ್ ನಿಮಗೆಲ್ಲಾರಿಗೂ ಗೊತ್ತದ. ಹಳದೀ ಪಿಕಾಚು ಚಿತ್ರ ಮನೀ ಹೊಕ್ಕಿಲ್ಲ ಅನ್ನೋ ತಾಯಿ ಭಾಳ ಕಡಿಮಿ. ಡ್ರ್ಯಾಗನ್ ಕ್ವೆಸ್ಟ್, ಫೈನಲ್ ಫ್ಯಾಂಟಸಿ ಅಂತ ಇನ್ನೂ ಅವ. ಇವೆಲ್ಲಾ ಜಪಾನದವು. ಈ ಜಾತಿ ಆಟಕ್ಕ ರೋಲ್ ಪ್ಲೇಯಿಂಗ್ ಗೇಮ್ ಅಂತಾರ. ಅಂದ್ರ ಕಥಿಯೊಳಗ ಒಂದು ಪಾತ್ರ ಹಾಕಿ ಆಡೋದು, ಬಯಲಾಟದಾಗ ವೇಷ ಕಟ್ಟಿದಂಗ.

ಇವುಗಳ ಬಗ್ಗೆ ಎರಡು ಮಾತು ಕೇಳಿ ಕೇಳಿ ಸಾಕಾಗೇದ. ಒಂದು ಮನೀ ಹಿರಿಯರದು: ಕಣ್ಣು ಹಾಳು, ಟೈಮ್ ಹಾಳು. ಅದಕ್ಕ ನಾ ಇವತ್ತ ಹೋಗಂಗಿಲ್ಲ. ಇನ್ನೊಂದು, ಸ್ವಲ್ಪ ತಿಳಕೊಂಡ ಮಂದೀದು: "ಅದರಾಗೇನದ, ಎಲ್ಲಾ ಅಮೇರಿಕಾದವರ ನಕಲು. ಅವರು ಕಷ್ಟಪಟ್ಟು ಮಾಡಿದ್ದನ್ನ ಇವರು ಸಣ್ಣ ಹುಡುಗೂರಿಗೆ ಹಗುರ ಮಾಡಿ ಮಾರಿದ್ರು." ಈ ಮಾತಿಗೆ ಉತ್ತರ ಕೊಡಬೇಕು ಅನಿಸ್ತದ. ತಗೊಂಡದ್ದು ಖರೇ, ಅದನ್ನ ಯಾರೂ ಮುಚ್ಚಿಟ್ಟಿಲ್ಲ. ಆದ್ರ 'ಹಗುರ ಮಾಡಿದ್ರು' ಅಂತ ಮೂಗು ಮುರೀತಾರಲ್ಲ, ನನ್ನ ಪ್ರಕಾರ ಅದೇ ಎಲ್ಲಾಕ್ಕಿಂತ ದೊಡ್ಡ ಕೆಲಸ. ಎತ್ತರದ ಹೊಸ್ತಿಲ ಹೊರಗ ನಿಂತ ಮಂದೀನ ಒಳಗ ಕರಕೊಂಡ ಕೆಲಸ. ಅದಕ್ಕ ನಾವು ಹೆಣ್ಮಕ್ಕಳ ಬೆಲೆ ಕೊಡಲಿಲ್ಲ ಅಂದ್ರ ಮತ್ಯಾರು ಕೊಡ್ತಾರ?

ಬುಡದಿಂದ ಹೇಳ್ತೀನಿ, ಕೇಳ್ರಿ.

1974ರಾಗ ಅಮೇರಿಕಾದಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಒಂದು ಆಟ ತಂದ್ರು. ಅದಕ್ಕ ಕಂಪ್ಯೂಟರ್ ಬೇಕಾಗಿರಲಿಲ್ಲ. ಕಾಗದ, ಪೆನ್ಸಿಲ್, ದಾಳ ಇದ್ರ ಸಾಕು. ನಾಲ್ಕೈದು ಮಂದಿ ಟೇಬಲ್ ಸುತ್ತ ಕೂಡೋದು. ಒಬ್ಬವ ಕಥೀ ನಡಸೋದು, ಉಳಿದವರು ವೀರ, ಮಂತ್ರವಾದಿ, ಕಳ್ಳ ಹಿಂಗ ಒಂದೊಂದು ಪಾತ್ರ ಹಿಡಿಯೋದು. ಹೊಡೆದಾಟದಾಗ ಏಟು ಬಿತ್ತೋ ಇಲ್ಲೋ ಅನ್ನೋದನ್ನ ದಾಳ ಹೇಳ್ತದ. ಗೆದ್ದಂಗೆಲ್ಲಾ ನಿಮ್ಮ ಪಾತ್ರದ ಶಕ್ತಿ ಏರ್ತದ.

ದೋಸ್ತರು ಕೂಡದ ದಿನ ಏನು ಮಾಡಬೇಕು? ಕಥೀ ನಡಸೋ ಕೆಲಸಾನ ಕಂಪ್ಯೂಟರಿಗೆ ಹಚ್ಚಿದ್ರು. 1981ರಾಗ ಬಂದ ಎರಡು ಆಟ ಇದರಾಗ ಮುಖ್ಯ. ಒಂದು ವಿಜರ್ಡ್ರಿ, ಇನ್ನೊಂದು ಅಲ್ಟಿಮಾ. ಈ ಎರಡು ಹೆಸರು ನೆನಪಿಡ್ರಿ, ಮುಂದ ಬರೋದೆಲ್ಲಾ ಇವೆರಡರಿಂದನ.

ವಿಜರ್ಡ್ರಿ ಮಾಡಿದವರು ಕಾರ್ನೆಲ್ ವಿಶ್ವವಿದ್ಯಾಲಯದ ಆ್ಯಂಡ್ರ್ಯೂ ಗ್ರೀನ್‌ಬರ್ಗ್, ರಾಬರ್ಟ್ ವುಡ್‌ಹೆಡ್. ಆಪಲ್ ಕಂಪ್ಯೂಟರಿನ ಮ್ಯಾಲೆ ಆಡೋದು. ಆರು ಮಂದೀ ಗುಂಪು ಕಟ್ಟಿಕೊಂಡು ನೆಲಮಾಳಿಗಿಗೆ ಇಳೀಬೇಕು. ಹತ್ತು ಅಂತಸ್ತು, ಒಂದೊಂದು ಅಂತಸ್ತಿನಾಗ 20 ಅಡ್ಡ 20 ಉದ್ದ ಚೌಕ. ಪರದೆ ಮ್ಯಾಲೆ ಬರೇ ಗೆರಿಯಿಂದ ಬರೆದ ಗೋಡಿ ಕಾಣ್ತಾವ. ದಾರಿ ತಪ್ಪಬಾರದು ಅಂದ್ರ ನೀವ ಗ್ರಾಫ್ ಕಾಗದದ ಮ್ಯಾಲೆ ನಕ್ಷಾ ಬರಕೋಬೇಕು. ಮಂತ್ರ ಹಾಕ್ಬೇಕಂದ್ರ ಅದರ ಹೆಸರು ಅಕ್ಷರ ಅಕ್ಷರ ಒತ್ತಬೇಕು. ಸತ್ತರ ಹೆಣ ಅಲ್ಲೇ ಕೆಳಗ ಬಿದ್ದಿರ್ತದ, ಇನ್ನೊಂದು ಗುಂಪು ಕಟ್ಟಿ ಹೋಗಿ ಹೊತ್ತು ತರಬೇಕು. ತಂದು ಗುಡಿಯೊಳಗ ರೊಕ್ಕಾ ಕೊಟ್ಟರೂ ಜೀವ ಬರ್ತದ ಅನ್ನೋ ಖಾತ್ರಿ ಇಲ್ಲ. ತಪ್ಪಿದ್ರ ಬೂದಿ ಆಗ್ತಾನ, ಮತ್ತೂ ತಪ್ಪಿದ್ರ ಶಾಶ್ವತ ಹೋದಂಗ. ತಿಂಗಳಗಟ್ಲೆ ಬೆಳಿಸಿದ ಪಾತ್ರ!

ಅಲ್ಟಿಮಾ ಮಾಡಿದಾವ ಟೆಕ್ಸಾಸಿನ ರಿಚರ್ಡ್ ಗ್ಯಾರಿಯಟ್. ಅಪ್ಪ ಗಗನಯಾತ್ರಿ. ಈ ಹುಡುಗ ಶಾಲೀ ದಿನದಾಗನ ಆಟ ಬರೀಲಿಕ್ಕೆ ಹತ್ತಿದ್ದ. ಮೊದಲನೇ ಆಟಾನ ಪ್ಲಾಸ್ಟಿಕ್ ಚೀಲದಾಗ ಹಾಕಿ ಅಂಗಡಿಯೊಳಗ ಇಟ್ಟು ಮಾರಿದ್ದ. ಅದರ ಹೊದಿಕಿ ಚಿತ್ರಾ ತಗದಾಕಿ ಅವರವ್ವ. ಅಲ್ಟಿಮಾದಾಗ ನೀವು ಮ್ಯಾಲಿಂದ ನೋಡ್ತೀರಿ: ಹೊಲ, ಗುಡ್ಡ, ಸಮುದ್ರ, ಊರು, ಕೋಟಿ ಎಲ್ಲಾ ನಕ್ಷಾದಂಗ ಕಾಣ್ತದ, ಅದರ ಮ್ಯಾಲೆ ನಿಮ್ಮ ಸಣ್ಣ ಮನಿಷಾ ನಡೀತಾನ. ಊರಾಗ ಹೋಗಿ ಮಂದೀನ ಮಾತಾಡಿಸಿದ್ರ ಸುಳುವು ಸಿಗ್ತದ. ಭಾಳ ದೊಡ್ಡ ಜಗತ್ತು. ಆದ್ರ 1983ರಾಗ ಬಂದ ಮೂರನೇ ಭಾಗದ ಹೊತ್ತಿಗೆ ಕೀಬೋರ್ಡಿನ ಒಂದೊಂದು ಅಕ್ಷರಕ್ಕೂ ಒಂದೊಂದು ಕೆಲಸ ಇತ್ತು. ಅವನ್ನೆಲ್ಲಾ ಬಾಯಿಪಾಠ ಮಾಡಬೇಕು.

ಎರಡೂ ಭಾಳ ಚೊಲೋ ಆಟ, ಅದರಾಗ ಎರಡು ಮಾತಿಲ್ಲ. ಆದ್ರ ಆಡ್ಲಿಕ್ಕೆ ಏನೇನು ಬೇಕು ಲೆಕ್ಕಾ ಹಾಕ್ರಿ. ತುಟ್ಟೀ ಕಂಪ್ಯೂಟರ್ ಬೇಕು, ಕೀಬೋರ್ಡ್ ಬರಬೇಕು, ಇಂಗ್ಲಿಷ್ ಬರಬೇಕು, ಸೂಚನಾ ಪುಸ್ತಕ ಓದಬೇಕು, ಗ್ರಾಫ್ ಕಾಗದ ಬೇಕು, ಕೈಯಾಗ ಖಾಲಿ ವ್ಯಾಳ್ಯಾ ಬೇಕು. ಇಷ್ಟೆಲ್ಲಾ ಇದ್ದವರು ಯಾರು? ಹೆಚ್ಚು ಕಡಿಮಿ ಕಂಪ್ಯೂಟರ್ ಹುಚ್ಚಿನ ಗಂಡು ಹುಡುಗೂರು. ಉಳಿದವರಿಗೆ ಹೊಸ್ತಿಲು ಭಾಳ ಎತ್ತರ.

ಜಪಾನದಾಗ ಈ ಆಟಗೋಳ ಸುದ್ದಿ ಕಂಪ್ಯೂಟರ್ ಇದ್ದ ಕೆಲವು ಮಂದಿಗೆ ಅಷ್ಟೇ ಮುಟ್ಟಿತ್ತು. 1984ರಾಗ ಹೆಂಕ್ ರಾಜರ್ಸ್ ಅನ್ನೋ ಡಚ್ ಮೂಲದಾವ ಅಲ್ಲೇ ಜಪಾನದಾಗ ಇದ್ದುಕೊಂಡು 'ಬ್ಲ್ಯಾಕ್ ಆನಿಕ್ಸ್' ಅಂತ ವಿಜರ್ಡ್ರಿ ನಮೂನಿ ಆಟ ಮಾಡಿದಾ. ಮೊದಲಿಗೆ ಯಾರೂ ಕೊಳ್ಳಲಿಲ್ಲ. ಇದನ್ನ ಹೆಂಗ ಆಡಬೇಕು ಅನ್ನೋದ ಮಂದಿಗೆ ತಿಳೀಲಿಲ್ಲ. ಆಮ್ಯಾಲೆ ಅವ ಪತ್ರಿಕಾ ಕಚೇರಿಗೋಳಿಗೆ ತಾನ ಹೋಗಿ, ಸಂಪಾದಕರ ಬಾಜೂಕ ಕೂತು, ಅವರ ಹೆಸರಿಲೇ ಪಾತ್ರ ಮಾಡಿಕೊಟ್ಟು ಆಡಿಸಿ ತೋರಿಸಿದಾ. ಪತ್ರಿಕಾದಾಗ ಲೇಖನ ಬಂದವು, ಆಟ ನಡೀತು. ನೋಡ್ರಿ, ಅಲ್ಲೂ ಕಡೀಕ ಕೆಲಸಕ್ಕ ಬಂದದ್ದು ಕೈ ಹಿಡಿದು ಕಲಿಸೋದು. ಆದ್ರ ಒಬ್ಬ ಮನಿಷಾ ಎಷ್ಟು ಮಂದೀ ಬಾಜೂಕ ಕೂಡ್ತಾನ? ಆಟನ ಬಾಜೂಕ ಕೂತು ಕಲಿಸೋಹಂಗ ಆಗಬೇಕಿತ್ತು.

ಅದನ್ನ ಮಾಡಿದಾವ ಯುಜಿ ಹೋರಿ. ಹುಡುಗೂರ ವಾರಪತ್ರಿಕಾ 'ಶೋನೆನ್ ಜಂಪ್'ನಾಗ ಬರೀತಿದ್ದಾವ. ಎನಿಕ್ಸ್ ಅನ್ನೋ ಕಂಪನಿ ಇಟ್ಟ ಆಟ ಬರಿಯೋ ಸ್ಪರ್ಧಾದಾಗ ಇವನೂ ಗೆದ್ದಿದ್ದ, ಕೊಯಿಚಿ ನಾಕಾಮುರಾ ಅನ್ನೋ ಎಳೇ ಹುಡುಗನೂ ಗೆದ್ದಿದ್ದ. 1983ರಾಗ ಇಬ್ಬರೂ ಅಮೇರಿಕಾದಾಗ ಆಪಲ್ ಕಂಪ್ಯೂಟರಿನ ಮೇಳಾ ನೋಡ್ಲಿಕ್ಕೆ ಹೋದಾಗ ವಿಜರ್ಡ್ರಿ ನೋಡಿದ್ರು. ಅದೇ ವರ್ಷ ಜಪಾನದಾಗ ನಿಂಟೆಂಡೊದವರ ಫ್ಯಾಮಿಕಾಮ್ ಬಂದಿತ್ತು. ಟಿವಿಗೆ ಹಚ್ಚೋ ಅಗ್ಗದ ಡಬ್ಬಿ. ಕೀಬೋರ್ಡ್ ಇಲ್ಲ, ಕೈಯಾಗ ಹಿಡಿಯೋದಕ್ಕ ನಾಲ್ಕು ದಿಕ್ಕಿನ ಒಂದು ಬಟನ್, ಎ ಮತ್ತ ಬಿ ಅಂತ ಎರಡು ಬಟನ್, ನಡುವ ಇನ್ನೆರಡು ಸಣ್ಣವು. ಅಷ್ಟೇ. ಇದರೊಳಗ ಆ ಕೀಬೋರ್ಡ್ ತುಂಬಾ ಇದ್ದ ಆಟಾನ ಹೆಂಗ ಕೂಡಸಬೇಕು?

1986ರ ಮೇ 27ಕ್ಕ ಡ್ರ್ಯಾಗನ್ ಕ್ವೆಸ್ಟ್ ಬಂತು. ಮ್ಯಾಲಿಂದ ನೋಡಿಕೋತ ನಡಿಯೋ ಜಗತ್ತು ಅಲ್ಟಿಮಾದ್ದು. ರಾಕ್ಷಸ ಎದುರು ಬಂದಾಗ ಮುಖಾಮುಖಿ ನಿಲ್ಲೋದು, ಬಾಜೂಕ ಪಟ್ಟಿಯೊಳಗಿಂದ 'ಹೊಡಿ', 'ಮಂತ್ರ ಹಾಕು', 'ಓಡು' ಅಂತ ಆರಿಸೋದು ವಿಜರ್ಡ್ರೀದು. ಎರಡೂ ಎಲ್ಲಿಂದ ಬಂದವು ಅಂತ ಹೋರಿ ತಾನ ಹೇಳ್ಯಾನ. ಹಂಗಾದ್ರ ಇವನ ಕೆಲಸ ಏನು?

ಮೊದಲ ಹತ್ತು ನಿಮಿಷ ನೋಡ್ರಿ, ತಿಳೀತದ. ಆಟ ಶುರು ಆಗೋದು ರಾಜನ ದರ್ಬಾರಿನ ಖೋಲಿಯೊಳಗ. ಬಾಗಲಕ್ಕ ಕೀಲಿ ಹಾಕ್ಯದ. ಖೋಲಿಯೊಳಗ ಪೆಟಿಗಿ ಅವ, ಪೆಟಿಗಿಯೊಳಗ ರೊಕ್ಕಾ, ಪಂಜು, ಕೀಲಿಕೈ. ಹೊರಗ ಹೋಗಬೇಕಂದ್ರ ರಾಜನ್ನ ಮಾತಾಡಿಸಬೇಕು, ಪೆಟಿಗಿ ತಗೀಬೇಕು, ಕೀಲಿ ತೆರೀಬೇಕು, ಪಾವಟಿಗಿ ಇಳೀಬೇಕು. ಮಾತಾಡು, ತಗೋ, ಬಾಗಲಾ ತೆರಿ, ಇಳಿ. ಆಟದಾಗ ಇರೋ ಎಂಟು ಆಜ್ಞಾದೊಳಗ ನಾಲ್ಕು ಅಲ್ಲೇ ಕಲತು ಮುಗೀತು! ಸೂಚನಾ ಪುಸ್ತಕ ಮುಟ್ಟೋ ಕೆಲಸ ಇಲ್ಲ. ಹೊರಗ ಬಂದು ನಿಂತ್ರ ನೀರಿನ ಆಚೀಕಡೆ ವೈರಿ ಕೋಟಿ ಕಣ್ಣಿಗೆ ಕಾಣ್ತದ. ಕಡೀಕ ಮುಟ್ಟೋ ಜಾಗಾ ಮೊದಲ ಹೆಜ್ಜೀಗೆ ತೋರಿಸ್ಯಾನ. ಆದ್ರ ಅಲ್ಲಿಗೆ ಹೋಗ್ಲಿಕ್ಕೆ ಸುತ್ತೂ ದೇಶ ತಿರುಗಬೇಕು. ದಾರಿಗೆ ಬೇಲಿ ಹಾಕಿಲ್ಲ, ಪೂಲು ದಾಟಿದ್ರ ಮುಂದಿನ ರಾಕ್ಷಸರು ಗಟ್ಟಿ ಆಗ್ತಾರ. ಏಟು ತಿಂದು ತಾವ ಹೊಳ್ಳಿ ಬರ್ತಾರ, ಯಾರೂ 'ಹೋಗಬ್ಯಾಡ' ಅನ್ನಬೇಕಾಗಿಲ್ಲ.

ಸತ್ತರ? ಬೂದಿ ಇಲ್ಲ, ಹೆಣಾ ಹೊರೋದಿಲ್ಲ. ರಾಜನ ಮುಂದ ಮತ್ತ ಎದ್ದು ನಿಲ್ತೀರಿ, ಕೈಯಾಗಿನ ರೊಕ್ಕದಾಗ ಅರ್ಧಾ ಹೋಗಿರ್ತದ, ಕಲತದ್ದು ಮಾತ್ರ ಹೋಗಂಗಿಲ್ಲ. ನನಗ ಇದು ಭಾಳ ಮನಸಿಗೆ ಹತ್ತಿದ ಮಾತು. ತಪ್ಪಿಗೆ ದಂಡ ಅದ, ಆದ್ರ ಕಲಿಯೋದನ್ನ ಬಿಡೋಹಂಗ ಅಂಜಿಸೋ ದಂಡ ಅಲ್ಲ.

ರಾಕ್ಷಸರ ಮಾರಿ ಸುದ್ಧಾ ಬದಲಿ ಆತು. ಅಮೇರಿಕಾದ ಆಟಗೋಳೊಳಗ ಸ್ಲೈಮ್ ಅಂದ್ರ ಲೊಳಲೊಳ ಹೊಲಸು ಮುದ್ದಿ. ಡ್ರ್ಯಾಗನ್ ಕ್ವೆಸ್ಟಿಗೆ ಚಿತ್ರಾ ತಗದಾವ ಅಕಿರಾ ತೋರಿಯಾಮಾ, ಶೋನೆನ್ ಜಂಪ್‌ನಾಗ 'ಡ್ರ್ಯಾಗನ್ ಬಾಲ್' ಬರೀತಿದ್ದಾವ. ಅವ ಸ್ಲೈಮನ್ನ ನೀರಿನ ಹನಿಯಂಗ ಮಾಡಿ, ದೊಡ್ಡ ಕಣ್ಣು ಇಟ್ಟು, ನಗೋಹಂಗ ಬರದಾ. ಮೊಟ್ಟಮೊದಲು ಎದುರು ಬರೋ ವೈರಿನ ನಕ್ಕೋತ ಬಂದ್ರ ಹೊಸಬರಿಗೆ ಅಂಜಿಕಿ ಎಲ್ಲಿ ಉಳೀತದ? ಮುಂದ ಆ ಸ್ಲೈಮನ ಆ ಆಟದ ಗುರ್ತಾ ಆತು.

ಎಲ್ಲಾ ಹಗುರ ಇತ್ತು ಅಂತ ತಿಳೀಬ್ಯಾಡ್ರಿ. ಆಗ ಆಟ ಎಲ್ಲಿಗೆ ನಿಂತದ ಅನ್ನೋದನ್ನ ಡಬ್ಬಿ ನೆನಪಿಡ್ತಿರಲಿಲ್ಲ. ಹಂಗಾಗಿ ರಾಜ ಒಂದು ಮಂತ್ರ ಹೇಳ್ತಿದ್ದ, 20 ಜಪಾನಿ ಅಕ್ಷರ. ಅದನ್ನ ಕಾಗದದಾಗ ಬರಕೊಂಡು ಮರುದಿನ ಹಂಗೇ ಒತ್ತಬೇಕು. ಎರಡನೇ ಭಾಗದಾಗ ಅದು 52 ಅಕ್ಷರದ ತನಕ ಹೋತು. ಒಂದು ಅಕ್ಷರ ತಪ್ಪಿದ್ರೂ ಬಾಗಲಾ ತೆರೀತಿರಲಿಲ್ಲ.

ಈಗ ನನ್ನ ವಾದದ ಗಟ್ಟಿ ಜಾಗಾಕ್ಕ ಬರ್ತೀನಿ. 'ಸಣ್ಣ ಹುಡುಗೂರಿಗೆ ಹಗುರ ಮಾಡಿದ್ರು' ಅನ್ನೋರು ಮೊದಲನೇ ಭಾಗ ಅಷ್ಟೇ ನೋಡ್ತಾರ. ಪೂರ್ತಿ ಸಾಲು ನೋಡ್ರಿ. ಮೊದಲನೇದರಾಗ ಒಬ್ಬನ ವೀರ, ಎದುರಿಗೆ ಬರೋದೂ ಒಂದೇ ವೈರಿ. 1987ರ ಜನವರಿಯೊಳಗ ಬಂದ ಎರಡನೇದರಾಗ ಮೂರು ಮಂದಿ. 1988ರ ಫೆಬ್ರುವರಿ 10ಕ್ಕ ಬಂದ ಮೂರನೇದರಾಗ ನಾಲ್ಕು ಮಂದೀ ಗುಂಪು. ವೀರನ ಜೋಡಿ ಬರೋ ಮೂವರು ಯಾರು, ಅವರ ಕಸಬು ಏನು ಅನ್ನೋದನ್ನ ಆಡೋರ ಆರಿಸಬೇಕು. ಅಂದ್ರ ವಿಜರ್ಡ್ರಿ ಮೊದಲ ದಿನಾನ ತಲೀಮ್ಯಾಲೆ ಹೊರಿಸಿದ್ದ ಗುಂಪು ಕಟ್ಟೋ ಕೆಲಸಾನ ಇವರು ಎರಡು ವರ್ಷದಾಗ, ಮೂರು ಪಾವಟಿಗಿ ಮಾಡಿ, ಹತ್ತಿಸಿದ್ರು. ಮೂರನೇ ಭಾಗ ಬಂದ ದಿನ ಬುಧವಾರ, ಶಾಲೀ ದಿನ. ಹುಡುಗೂರು ಶಾಲೀ ಬಿಟ್ಟು ಅಂಗಡೀ ಮುಂದ ಪಾಳಿ ಹಚ್ಚಿದ್ದು ಆ ದೇಶದಾಗ ದೊಡ್ಡ ಸುದ್ದಿ ಆತು. ಶಾಲೀ ಬಿಡೋದನ್ನ ನಾ ಹೊಗಳಂಗಿಲ್ಲ. ಆದ್ರ ಮೂರ್ನಾಲ್ಕು ವರ್ಷದ ಹಿಂದ ಈ ಆಟ ಹೆಂಗ ಆಡಬೇಕು ಅಂತ ತಿಳೀದ ದೇಶ ಅದು. ಅಷ್ಟು ಮಂದಿಗೆ ಕಲಿಸಿದ್ದು ಯಾವ ಸಾಲಿ? ಆಟನ.

ನಮ್ಮ ಅಡಿಗೀ ಮನೀ ನೆನಸಿಕೊಳ್ರಿ. ಹಿರಿಯಾಕಿ ಮಸಾಲಿ ಕುಟ್ಟತಾಳ, ಅಳತಿ ಕೇಳಿದ್ರ 'ಕಣ್ಣಳತೀಲೇ ಹಾಕು' ಅಂತಾಳ. ಆಕೀ ಕೈ ರುಚಿ ದೊಡ್ಡದು, ಒಪ್ಪೋಣ. ಆದ್ರ ಆಕೀ ಬಾಜೂಕ ಕೂತು ಮೂರು ಸಲ ಬಟ್ಟಲದಾಗ ಅಳದು, ಬರದಿಟ್ಟು, ಹೊಸಾ ಸೊಸಿ ಕೈಗೆ ಕೊಟ್ಟಾಕಿ ಇರ್ತಾಳಲ್ಲ? ಆ ಮಸಾಲಿ ಮುಂದಿನ ಪೀಳಿಗಿಗೆ ಉಳಿಯೋದು ಆಕಿಯಿಂದ. ಹೆಸರು ಮಾತ್ರ ಕುಟ್ಟಿದಾಕೀದು. ಬರದಿಟ್ಟಾಕಿಗೆ 'ಅದರಾಗೇನು ಮಾಡಿದಿ' ಅಂತಾರ.

ಇದು ಬರೇ ಹಳೇ ಕಥೀ ಅಲ್ಲ. ನಮ್ಮ ನಾದಿನಿ ಮಗಳು ಕಂಪ್ಯೂಟರ್ ಆಟ ಮಾಡೋದು ಕಲೀಲಿಕ್ಕೆ ಹತ್ಯಾಳ. ಹೋದ ವರ್ಷ ತನ್ನ ಅಜ್ಜಿ ಆಡ್ಲಿಕ್ಕೆ ಬರೋಹಂಗ ಒಂದು ಸಣ್ಣ ಕಥೀ ಆಟ ಮಾಡಿದ್ಲು. ಅಕ್ಷರ ದೊಡ್ಡವು, ಒತ್ತೋ ಬಟನ್ ಎರಡೇ. ಮಾರ್ಕು ಹಾಕ್ಲಿಕ್ಕೆ ಕೂತವರು "ಭಾಳ ಸರಳಾತು, ಇದರಾಗ ನಿನ್ನ ಸ್ವಂತದ್ದೇನದ?" ಅಂದ್ರಂತ. ಮೊಬೈಲ್ ಮುಟ್ಟಲಿಕ್ಕೆ ಅಂಜೋ ಅಜ್ಜಿ ಮೂರು ದಿನ ಬಿಡದ ಆಡಿ ಮುಗಿಸಿದ್ದು ಅವರ ಲೆಕ್ಕಕ್ಕ ಬರಲಿಲ್ಲ. ಹುಡುಗಿ ಆ ಆಟಾನ ಅಳಿಸಿ ಹಾಕ್ತೀನಿ ಅಂತ ಕೂತಿದ್ಲು. ಹಗುರ ಅನಸೋಹಂಗ ಮಾಡೋದು ಎಷ್ಟು ಭಾರ ಅನ್ನೋದು ಮಾಡಿದವರಿಗೇ ಗೊತ್ತು.

ಹಂಗಂತ ಒಂದು ಕಡೀ ತಕ್ಕಡಿ ಹಿಡಿಯೋದು ಬ್ಯಾಡ. ಹೊಸ್ತಿಲು ತಗ್ಗು ಮಾಡೋವಾಗ ಕೆಲವು ಸಾಮಾನು ಹೊರಗ ಉಳದವು. ಅಲ್ಟಿಮಾದ ನಾಲ್ಕನೇ ಭಾಗ 1985ರಾಗ ಬಂತು. ಅದರಾಗ ಕಡೀಕ ಕೊಲ್ಲಬೇಕಾದ ದೊಡ್ಡ ವೈರಿನ ಇಲ್ಲ. ದಯಾ, ಪ್ರಾಮಾಣಿಕತಾ, ವಿನಯ ಹಿಂಗ ಎಂಟು ಗುಣ ಬೆಳಸಿಕೊಂಡು 'ಅವತಾರ' ಆಗೋದ ಗುರಿ. ಹೌದು, ನಮ್ಮ ದಶಾವತಾರದ ಅವತಾರನ. ಗ್ಯಾರಿಯಟ್ ಆ ಮಾತನ್ನ ಹಿಂದೂ ಧರ್ಮದಿಂದ ತಗೊಂಡಾನ. ಕುರುಡಿ ವ್ಯಾಪಾರದಾಕಿಗೆ ಕಡಿಮಿ ರೊಕ್ಕಾ ಕೊಟ್ರ ಆಟ ಅದನ್ನ ಸುಮ್ಮನ ನೆನಪಿಡ್ತದ. ನೀವು ಏನು ಮಾಡ್ತೀರಿ ಅದು ನಿಮ್ಮನ್ನ ತೂಗ್ತದ. ಜಪಾನದ ಆಟಗೋಳು ಹೆಚ್ಚಾಗಿ ಆ ದಾರಿ ಹಿಡೀಲಿಲ್ಲ. ಅವರು ಕಥೀನ ತಾವ ಹೇಳ್ಕೋತ ಹೋದ್ರು. ಆಡೋರು ಅತ್ತರು, ನಕ್ಕರು, ಆದ್ರ ಕಥೀ ತಿರಗಸೋ ಅಧಿಕಾರ ಅವರ ಕೈಯಾಗ ಕಡಿಮಿ ಆತು. ಇದು ಖರೇ ನುಕಸಾನ, ನಾ ಒಪ್ತೀನಿ. ಆದ್ರ ಇದ್ದದ್ದನ್ನ ಇದ್ದಂಗ ಉಳಿಸಿದ್ದ್ರ ಆ ಲಕ್ಷಗಟ್ಲೆ ಹುಡುಗೂರು ಬಾಗಲದಾಗನ ನಿಲ್ತಿದ್ರು.

'ಅವರದು, ಇವರದು' ಅಂತ ಗೋಡಿ ಹಾಕೋರಿಗೆ ಇನ್ನೊಂದು ಮಾತು. 1987ರ ಡಿಸೆಂಬರಿನಾಗ ಸ್ಕ್ವೇರ್ ಕಂಪನಿಯ ಹಿರೊನೊಬು ಸಕಾಗುಚಿ ಫೈನಲ್ ಫ್ಯಾಂಟಸಿ ತಂದಾ. ಶುರುವಿಗೆ ನಾಲ್ಕು ಮಂದೀ ಕಸಬು ಆರಿಸಬೇಕು, ಮಂತ್ರಕ್ಕ ಲೆಕ್ಕಾ ಇಡೋದು ಆ ಕಾಗದ ದಾಳದ ಆಟದ ಕಡಿಂದ ಬಂದದ್ದು. ಮಜಾ ಅಂದ್ರ ಅದರ ಪ್ರೋಗ್ರಾಂ ಬರದಾವ ನಾಸಿರ್ ಗೆಬೆಲ್ಲಿ. ಇರಾನದಾಗ ಹುಟ್ಟಿ, ಅಮೇರಿಕಾದಾಗ ಆಪಲ್ ಕಂಪ್ಯೂಟರಿನ ಆಟ ಮಾಡಿ ಹೆಸರು ಗಳಿಸಿದಾವ. ಈ 'ಜಪಾನಿ ಆಟ' ಯಾವ ದೇಶದ್ದು ಅಂತೀರಿ ಈಗ?

ಇನ್ನ ವಿಜರ್ಡ್ರೀ ಗತಿ ಏನಾತು? ಅಮೇರಿಕಾದಾಗ 2001ರ ಎಂಟನೇ ಭಾಗಕ್ಕ ಮೂಲ ಕಂಪನಿ ಕೆಲಸ ಮುಗೀತು. ಜಪಾನದವರು ಮಾತ್ರ ಆ ಹೆಸರಿಲೇ ಹೊಸಾ ಹೊಸಾ ಆಟ ಮಾಡಿಕೋತನ ಬಂದ್ರು. 2020ರಾಗ ಆ ಹೆಸರಿನ ಹಕ್ಕನ ಡ್ರೆಕಾಮ್ ಅನ್ನೋ ಜಪಾನಿ ಕಂಪನಿ ಕೈಗೆ ಹೋತು. ಇದರೊಳಗ ಒಂದು ನಗೂ ಬರೋ ಸಂಗತಿ ಅದ, ಹೇಳೇ ತೀರಬೇಕು. ವಿಜರ್ಡ್ರಿಯೊಳಗ ಒಂದು ಖಡ್ಗ, ಅದರ ಹೆಸರು ಕ್ವಿಸಿನಾರ್ಟ್. ಅಮೇರಿಕಾದ ಅಡಿಗೀ ಮನೀಯೊಳಗ ಕಾಯಿಪಲ್ಲೆ ಹೆಚ್ಚೋ ಮಷಿನ್ನಿನ ಹೆಸರು ಅದು! ಹುಡುಗೂರು ಚಾಷ್ಟಿಗೆ ಇಟ್ಟಿದ್ರು. ಜಪಾನದಾಗ ಆ ಮಷಿನ್ ಯಾರಿಗೆ ಗೊತ್ತು? ಅವರು ಅದನ್ನ ಯಾವುದೋ ಮಹಾ ಲೋಹಾರ ಮಾಡಿದ ಖಡ್ಗ ಅಂತ ಭಕ್ತೀಲೇ ತಗೊಂಡ್ರು. 'ಕಾಶಿನಾಟೋ ಖಡ್ಗ' ಅಂದ್ರ ಅಲ್ಲಿ ಹಳೇ ಆಟಗಾರರು ಇವತ್ತಿಗೂ ಮರೀಲಾರದ ಹೆಸರು. ನಕಲು ಮಾಡೋರು ಇಷ್ಟು ಭಕ್ತಿ ಇಟ್ಟಿರ್ತಾರೇನು? ತಮಾಷಿಗೆ ಮಾಡಿದ್ದನ್ನೂ ಹಿರಿಯರ ಒಡವಿ ತಿಳಕೊಂಡು ಕಾಯ್ದಿಟ್ಟಾರ.

ಮತ್ತ ಅದು ಹೊಳ್ಳಿ ಹೋಗ್ಯದ ಕೂಡ. ಡ್ರ್ಯಾಗನ್ ಕ್ವೆಸ್ಟ್ ಆಡಿ ಮೆಚ್ಚಿದ ಶಿಗೆಸಾಟೊ ಇತೊಯಿ ಅನ್ನೋ ಬರಹಗಾರ 1989ರಾಗ 'ಮದರ್' ಅಂತ ಆಟ ಮಾಡಿದಾ. ಅದರ ಎರಡನೇ ಭಾಗ 'ಅರ್ಥ್‌ಬೌಂಡ್' ಹೆಸರಿಲೇ ಅಮೇರಿಕಾಕ್ಕ ಹೋತು. ಅದನ್ನ ಆಡಿ ಬೆಳದ ಟೋಬಿ ಫಾಕ್ಸ್ ಅನ್ನೋ ಅಮೇರಿಕಾದ ಹುಡುಗ 2015ರಾಗ 'ಅಂಡರ್‌ಟೇಲ್' ಮಾಡಿದಾ. ಅದರಾಗ ಯಾರನ್ನೂ ಕೊಲ್ಲದ ಆಟ ಮುಗಿಸಬಹುದು, ಕೊಂದ್ರ ಆಟ ಅದನ್ನ ನೆನಪಿಡ್ತದ. ಅಲ್ಟಿಮಾದ ಆ ಹಳೇ ತಕ್ಕಡಿ ಮತ್ತ ನೆನಪಿಗೆ ಬರ್ತದಲ್ಲ?

ತಗೊಳ್ಳೋದಕ್ಕ ನಾ ಎರಡು ನಿಯಮ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗ ಬಿಟ್ಟದ್ದು. ಒಂದು, ಯಾರ ಮನಿಯಿಂದ ತಂದ್ರಿ ಅನ್ನೋದನ್ನ ಬಾಯಿಬಿಟ್ಟು ಹೇಳಬೇಕು. ಎರಡು, ತಂದ ಮ್ಯಾಲೆ ಇಷ್ಟು ದಿನ ಪಂಕ್ತಿಯೊಳಗ ಜಾಗಾ ಸಿಗದವರಿಗೆ ಒಂದು ಎಲಿ ಹೆಚ್ಚಿಗಿ ಹಾಕಬೇಕು. ಹೋರಿ ಎರಡನ್ನೂ ಮಾಡ್ಯಾನ. ಎರಡೂ ಮಾಡಿದವರಿಗೆ ನಕಲಿನವರು ಅನ್ನಬಾರದು.

ಇನ್ನೊಮ್ಮೆ ಮನ್ಯಾಗ ಹುಡುಗೂರು ಹೊಸಾ ಆಟ ಶುರು ಮಾಡಿದಾಗ ಒಂದು ಹತ್ತು ನಿಮಿಷ ಬಾಜೂಕ ಕೂಡ್ರಿ. ಯಾರೂ ಹೇಳಿಕೊಡದ ನಿಮಗ ಏನು ಮಾಡಬೇಕು ಅನ್ನೋದು ತಿಳೀಲಿಕ್ಕೆ ಹತ್ತಿತು ಅಂದ್ರ, ಅದರ ಹಿಂದ ಯಾರೋ ನಿಮ್ಮಂಥಾಕಿನ್ನ ನೆನಸಿಕೊಂಡು ರಾತ್ರಿ ನಿದ್ದಿ ಕೆಡಿಸಿಕೊಂಡಾರ ಅಂತ ತಿಳೀರಿ. ನಾದಿನಿ ಮಗಳ ಆಟ ಅಳಿಸಿಲ್ಲ, ಅಜ್ಜಿ ಅಳಿಸಗೊಡಲಿಲ್ಲ. ನಿಮ್ಮ ಮನೀ ಹಿರಿಯರಿಗೂ ಬೇಕಂದ್ರ ಹೇಳ್ರಿ, ಕಳಿಸ್ತೀನಿ. ಬಟನ್ ಎರಡೇ ಅವ.